ಪತ್ತನಾಜೆಗೆ ಕಾಯಬೇಡಿ: ಊರಿನ ಹಳೆಯದನ್ನು ಮಳೆ, ಕಡಲಿನಿಂದ ಉಳಿಸಲು ಊರೇ ಹಾಕುವ ಯೋಜನೆ

ಕರಾವಳಿಯಲ್ಲಿ ಹಳೆಯ ಕಟ್ಟಡದ ವಿಷಯಕ್ಕೆ ಊರಿನವರು ಸಭೆ ಸೇರುವುದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಮಾಡು, ಅಂದರೆ ಚಾವಣಿ, ಕುಸಿದ ಮೇಲೆ ಒಮ್ಮೆ, ದೇವಸ್ಥಾನದ ಬ್ರಹ್ಮಕಲಶಕ್ಕೆ (ಜೀರ್ಣೋದ್ಧಾರದ ಉತ್ಸವಕ್ಕೆ) ಸಮಿತಿ ಮಾಡುವಾಗ ಇನ್ನೊಮ್ಮೆ. ಮೊದಲನೆಯದರಲ್ಲಿ ಹೊತ್ತು ಮೀರಿರುತ್ತದೆ. ಎರಡನೆಯದರಲ್ಲಿ ಹಣವೂ ಉತ್ಸಾಹವೂ ಇರುತ್ತದೆ, ಆದರೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ ಕೆಡವಿ ಎಲ್ಲವನ್ನೂ ಶಿಲಾಮಯ ಮಾಡುವ ಅಂದಾಜುಪಟ್ಟಿ ಅಷ್ಟರಲ್ಲಿ ಯಾರದೋ ಕಿಸೆಯಲ್ಲಿ ತಯಾರಿರುತ್ತದೆ. ಮಳೆ ಕೆಡಿಸುವುದು ಒಂದು ಪಾಲು. ಮಳೆಗೆ ಹೆದರಿ ನಾವು ಮಾಡುವ ರಿಪೇರಿ ಕೆಡಿಸುವುದು ಇನ್ನೊಂದು ಪಾಲು. ಊರಿನ ಯೋಜನೆ ಎರಡನ್ನೂ ತಡೆಯುವಂತಿರಬೇಕು.

ಮಂಗಳೂರು, ಉಡುಪಿಯ ಕಡೆ ವರ್ಷಕ್ಕೆ 3,500ರಿಂದ 4,000 ಮಿಲಿಮೀಟರ್ ಆಸುಪಾಸು ಮಳೆ ಹಿಂದೆಯೂ ಬೀಳುತ್ತಿತ್ತು. ಗುತ್ತಿನ ಮನೆಯ (ಊರಿನ ಹಿರಿಮನೆತನದ ಮನೆಯ) ಇಳಿಜಾರು ಮಾಡು, ಉದ್ದನೆಯ ಸೂರು, ಎತ್ತರದ ಜಗಲಿ ಎಲ್ಲ ಆ ಮಳೆಗೆಂದೇ ಆದದ್ದು. ಈಗ ಬದಲಾಗಿರುವುದು ಮಳೆ ಬೀಳುವ ರೀತಿ. ನಾಲ್ಕು ದಿನದಲ್ಲಿ ಬೀಳಬೇಕಾದದ್ದು ನಾಲ್ಕು ಗಂಟೆಯಲ್ಲಿ ಬೀಳುತ್ತದೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. 2018ರ ಮೇ 29ರಂದು ಮಂಗಳೂರು ಮುಳುಗಿದ್ದು ಮುಂಗಾರು ಸರಿಯಾಗಿ ನೆಲೆಯೂರುವ ಮೊದಲೇ. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಹಾದುಹೋದಾಗ ಕಡಲು ಮನೆಯಂಗಳಕ್ಕೆ ಬಂತು. 2020ರ ಸೆಪ್ಟೆಂಬರ್ 20ರಂದು ಉಡುಪಿಯ ಕಲ್ಸಂಕ, ಬೈಲಕೆರೆಯಲ್ಲಿ ನೀರು ನಿಂತದ್ದು ಮಳೆಗಾಲ ಇಳಿಮುಖವಾಯಿತು ಎಂದು ಎಲ್ಲರೂ ನಿರಾಳವಾಗಿದ್ದ ಹೊತ್ತಿನಲ್ಲಿ. ಪತ್ತನಾಜೆಗೆ, ಅಂದರೆ ಬೇಶ ತಿಂಗಳ ಹತ್ತಕ್ಕೆ (ಮೇ 24ರ ಸುಮಾರು), ದೈವದ ನೇಮ, ಯಕ್ಷಗಾನದ ಗೆಜ್ಜೆ ಬಿಚ್ಚಿ ಆಮೇಲೆ ಮಾಡಿಗೆ ಹತ್ತುವ ಹಳೆಯ ಲೆಕ್ಕ ಇನ್ನು ನಡೆಯದು. ಮಾಡಿನ ಕೆಲಸ ಏಪ್ರಿಲ್ ಕೊನೆಗೆ ಮುಗಿದಿರಬೇಕು. ಉಳಿದ ದಿನಗಳನ್ನೆಲ್ಲ ಇಲ್ಲಿಂದ ಹಿಂದಕ್ಕೆ ಎಣಿಸಿ.

ಯಾವಾಗ, ಯಾರು

ವರ್ಷದ ಕೆಲಸ ಶುರುವಾಗುವುದು ಆಟಿಯಲ್ಲಿ, ಮಳೆಯಲ್ಲೇ ಊರು ಸುತ್ತುವುದರಿಂದ. ಮರುತಿಂಗಳು ಸೋಣ ಮುಗಿಯುವುದರೊಳಗೆ (ಸೆಪ್ಟೆಂಬರ್ ಮಧ್ಯಕ್ಕೆ) ಪಟ್ಟಿ ಆಗಬೇಕು. ಪಂಚಾಯತಿನ ಮುಂದಿನ ವರ್ಷದ ಅಭಿವೃದ್ಧಿ ಯೋಜನೆಗೆ ಗ್ರಾಮಸಭೆಗಳು ಅಕ್ಟೋಬರ್ 2ರಿಂದ ಶುರುವಾಗುತ್ತವೆ. ಆಗ ಕೈಯಲ್ಲಿ ಪಟ್ಟಿ ಇಲ್ಲದಿದ್ದರೆ ಒಂದು ವರ್ಷ ಹೋಯಿತೆಂದೇ ಲೆಕ್ಕ. ಗಾರೆ ಮತ್ತು ಮರದ ಕೆಲಸ ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಕೆರೆಯ ಹೂಳು ಮಾರ್ಚ್-ಏಪ್ರಿಲ್‌ನಲ್ಲಿ, ಮಾಡು ಮತ್ತು ಕಣಿ (ಚರಂಡಿ) ಏಪ್ರಿಲ್‌ನಲ್ಲಿ.

ಸಭೆಗೆ ದೇವಸ್ಥಾನದ ಆಡಳಿತ ಮೊಕ್ತೇಸರರು, ಗುತ್ತಿನವರು, ಅರ್ಚಕರು, ಚರ್ಚಿನ ಪಾಲನಾ ಮಂಡಳಿಯವರು, ಮಸೀದಿ ಜಮಾತಿನವರು ಬರುತ್ತಾರೆ, ಕರೆಯದಿದ್ದರೂ ಬಂದಾರು. ಕರೆಯದಿದ್ದರೆ ಬಾರದವರು ಬೇರೆ ಇದ್ದಾರೆ, ಕೆಲಸಕ್ಕೆ ಬೇಕಾದವರು ಅವರೇ. ವರ್ಷವೂ ಮಾಡಿಗೆ ಹತ್ತುವವರು, ಬಡಗಿ, ಬಾವಿಗೆ ಇಳಿಯುವವರು, ದೈವದ ಚಾಕರಿಯವರು, ಗುಡಿಸಿ ಒರೆಸುವ ಹೆಂಗಸರು. ಗೋಡೆಯ ಯಾವ ಮೂಲೆಯಲ್ಲಿ ಮೊದಲು ತೇವ ಏರುತ್ತದೆಂದು ಗುಡಿಸುವವರಿಗೆ ಗೊತ್ತಿರುವಷ್ಟು ಇಂಜಿನಿಯರಿಗೆ ಗೊತ್ತಿರುವುದಿಲ್ಲ. ಕಡಲ ಬದಿಯ ಊರಾದರೆ ಮೊಗವೀರ (ಮೀನುಗಾರರ) ಸಭೆಯ ಹಿರಿಯರಿಬ್ಬರು ಬೇಕು. ದಿನಗೂಲಿಯವರು ಕೆಲಸ ಬಿಟ್ಟು ಬರುವುದಾದರೆ ಅರ್ಧ ದಿನದ ಮಜೂರಿ ಕೊಟ್ಟೇ ಕೂರಿಸಿ. ಹದಿನೈದು ಮಂದಿ ಮೀರಿದರೆ ಸಭೆ ಭಾಷಣವಾಗುತ್ತದೆ. ಕೆಲಸಕ್ಕೆ ಏಳೆಂಟು ಮಂದಿಯ ಉಪಸಮಿತಿ ಸಾಕು.

ಪಟ್ಟಿ

ಒಂದು ಜಾಗಕ್ಕೆ ಒಂದು ಹಾಳೆ, ಎರಡು ಬದಿ. ಗಣಕದಲ್ಲಿ ಮಾಡಿದರೂ ಒಂದು ಪ್ರತಿ ಕಾಗದದಲ್ಲಿ ಪಂಚಾಯತ್ ಕಚೇರಿಯಲ್ಲಿರಲಿ. ನೆರೆ ಬಂದ ದಿನ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಪಟ್ಟಿಗೆ ದೇವಸ್ಥಾನ, ಬಸದಿ, ದೈವದ ಗರಡಿ, ಚರ್ಚು, ಮಸೀದಿ ಮಾತ್ರ ಸೇರಿದರೆ ಸಾಲದು. ಗದ್ದೆ ಹುಣಿಯಲ್ಲಿ (ಬದುವಿನಲ್ಲಿ) ನಿಂತ ಶಾಸನ, ನಾಗಬನ, ಕಂಬಳದ ಗದ್ದೆ ಮತ್ತು ಅದಕ್ಕೆ ನೀರು ಕೊಡುವ ತೋಡು (ಸಣ್ಣ ಹಳ್ಳ), ಮದಕ (ಮಳೆನೀರು ನಿಲ್ಲಿಸುವ ಕೆರೆ), ಹಳೆಯ ಹಂಚಿನ ಶಾಲೆ, ಯಕ್ಷಗಾನದ ವೇಷದ ಪೆಟ್ಟಿಗೆ, ಮನೆಗಳಲ್ಲಿರುವ ಓಲೆಗರಿ, ಉಡುಪಿ ಬಳಿಯ ಮಟ್ಟುವಿನಲ್ಲಾದರೆ ಗುಳ್ಳದ (ಬದನೆಯ) ಬೀಜ. ಮಟ್ಟುಗುಳ್ಳಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಗದ್ದೆಗೆ ಉಪ್ಪುನೀರು ಏರಿದರೆ ಗುರುತಿನ ಪತ್ರ ಬೀಜ ಕೊಡುವುದಿಲ್ಲ. ಬೀಜವನ್ನು ಒಂದೇ ಮನೆಯಲ್ಲಿ ಇಡದೆ, ಎತ್ತರದ ಜಾಗದ ಮೂರ್ನಾಲ್ಕು ಮನೆಗಳಲ್ಲಿ ಹಂಚಿಡುವುದೂ ಯೋಜನೆಯ ಒಂದು ಸಾಲು.

ಹಾಳೆಯಲ್ಲಿ ಇಷ್ಟು ಇರಲಿ:

– ಹೆಸರು, ಸರ್ವೆ ನಂಬ್ರ, ಒಡೆತನ (ಖಾಸಗಿ, ಮುಜರಾಯಿ, ಪುರಾತತ್ವ, ಪಂಚಾಯತ್)
– ಯಾವುದರಿಂದ ಕಟ್ಟಿದ್ದು: ಮುರಕಲ್ಲು, ಮಣ್ಣು, ಶಿಲೆ, ಮರ, ಗಾರೆಯೋ ಸಿಮೆಂಟೋ
– ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ
– ಈವರೆಗೆ ನೀರು ಏರಿದ ಅತಿ ಎತ್ತರದ ಮಟ್ಟ, ಹೊಸ್ತಿಲಿನಿಂದ ಎಷ್ಟು ಅಡಿ
– ಕೀಲಿಕೈ ಯಾರಲ್ಲಿ, ಅವರಿಲ್ಲದಿದ್ದರೆ ಯಾರಲ್ಲಿ
– ಒಳಗಿನ ವಸ್ತುಗಳಲ್ಲಿ ಯಾವುದನ್ನು ಯಾರು ಮುಟ್ಟಬಹುದು

ಕೊನೆಯ ಎರಡು ಸಾಲುಗಳಿಗೇ ಹೆಚ್ಚು ಹೊತ್ತು ಕೊಡಿ. ದೈವದ ಭಂಡಾರದ ಮನೆಗೆ ನೀರು ನುಗ್ಗಿದ ರಾತ್ರಿ ಮೊಗ (ಮುಖವಾಡ), ಕಡ್ಸಲೆ (ಖಡ್ಗ), ಗಗ್ಗರ (ಕಾಲ್ಗೆಜ್ಜೆ) ಹೊರಗೆ ತರುವವರು ಯಾರು? ಕಟ್ಟುಕಟ್ಟಳೆ ಪ್ರಕಾರ ಮುಟ್ಟಬಹುದಾದವರು ಮುಂಬಯಿಯಲ್ಲಿದ್ದರೆ? ಅಂಥ ಹೊತ್ತಿನಲ್ಲಿ ಯಾರಿಗೆ ಅಪ್ಪಣೆ ಎಂಬುದನ್ನು ನೇಮದ ದಿನ ದೈವದ ಮುಂದೆಯೇ ಕೇಳಿ ಇತ್ಯರ್ಥ ಮಾಡಿಕೊಳ್ಳಿ, ಹಾಳೆಯಲ್ಲಿ ಬರೆದಿಡಿ. ಸೊಂಟದವರೆಗೆ ನೀರಿರುವಾಗ ಅಂಗಳದಲ್ಲಿ ನಿಂತು ಚರ್ಚಿಸುವ ವಿಷಯವಲ್ಲ ಇದು. ಗರ್ಭಗುಡಿಯ ಉತ್ಸವಮೂರ್ತಿಗೂ, ಇಗರ್ಜಿಯ ಹಳೆಯ ಜ್ಞಾನಸ್ನಾನದ ಪುಸ್ತಕಕ್ಕೂ ಇದೇ ಪ್ರಶ್ನೆ.

ಫೋಟೋ ತೆಗೆಯುವಾಗ ನಾಲ್ಕೂ ಬದಿ, ನಾಲ್ಕೂ ಮೂಲೆ, ಮಾಡಿನ ಅಡಿ. ಪ್ರತಿ ವರ್ಷ ಅದೇ ಜಾಗದಲ್ಲಿ ನಿಂತು ತೆಗೆದರೆ ಮಾತ್ರ ಬಿರುಕು ಬೆಳೆಯಿತೋ ಇಲ್ಲವೋ ಗೊತ್ತಾಗುತ್ತದೆ; ನಿಲ್ಲುವ ಜಾಗವನ್ನು ಹಾಳೆಯಲ್ಲಿ ಗುರುತು ಮಾಡಿ. ಶಾಸನದ ಅಕ್ಷರ ಕಾಣಲಿ ಎಂದು ಸೀಮೆಸುಣ್ಣ, ಅರಿಶಿನ, ಪೈಂಟು ತುಂಬಬೇಡಿ. ರಾತ್ರಿ ಹೊತ್ತು ಟಾರ್ಚನ್ನು ಕಲ್ಲಿನ ಒಂದು ಬದಿಗೆ ತಗ್ಗಿಸಿ ಹಿಡಿದರೆ ನೆರಳಿನಲ್ಲೇ ಅಕ್ಷರ ಎದ್ದು ಕಾಣುತ್ತದೆ. ಟಾರ್ಚನ್ನು ನಾಲ್ಕು ಬದಿಗೂ ಸರಿಸಿ ನಾಲ್ಕು ಫೋಟೋ ತೆಗೆದರೆ ಓದುವವರಿಗೆ ಸಾಕು.

ಮಳೆಯಲ್ಲಿ ನಡೆಯುವುದು

ಬೇಸಗೆಯಲ್ಲಿ ನೋಡಿದರೆ ಎಲ್ಲ ಕಟ್ಟಡವೂ ಗಟ್ಟಿಯೇ. ಜೋರು ಮಳೆ ಬಂದು ಅರ್ಧ ಗಂಟೆಯಾದ ಮೇಲೆ ಇಬ್ಬಿಬ್ಬರಾಗಿ ಕೊಡೆ ಹಿಡಿದು ಹೋಗಿ. ಸೂರಿನಿಂದ ಬಿದ್ದ ನೀರು ಗೋಡೆಯ ಕಡೆ ಹರಿಯುತ್ತದೋ ಹೊರಕ್ಕೋ? ಅಂಗಳದಲ್ಲಿ ಎಲ್ಲಿ ನಿಲ್ಲುತ್ತದೆ? ತೋಡಿನ ಸಂಕದ (ಸೇತುವೆಯ) ಅಡಿ ಎಷ್ಟು ತುಂಬಿದೆ? ನೀರಿನ ಮಟ್ಟಕ್ಕೆ ಗುರುತು ಹಾಕಿ; ಸೀಮೆಸುಣ್ಣ ತೇವಕ್ಕೆ ಅಂಟುವುದಿಲ್ಲ, ಮೇಣದ ಕ್ರೇಯಾನ್ ಒಯ್ಯಿರಿ. ಹೊಸ ರಸ್ತೆ ಎತ್ತರಿಸಿದ ಊರುಗಳಲ್ಲಿ ನೀರಿನ ದಾರಿಯೇ ಬದಲಾಗಿರುತ್ತದೆ. ಮುನ್ನೂರು ವರ್ಷ ನೀರು ಕಾಣದ ಬಸದಿಯ ಪ್ರಾಕಾರಕ್ಕೆ ಈಗ ನೀರು ಬರುತ್ತಿದ್ದರೆ ಆಕಾಶ ನೋಡುವ ಮೊದಲು ರಸ್ತೆಯ ಮೋರಿ ನೋಡಿ.

ಮಳೆಯ ಅಳತೆಯನ್ನೂ ಊರಲ್ಲೇ ಇಟ್ಟುಕೊಳ್ಳಿ. ಗೀಟು ಹಾಕಿದ ಪ್ಲಾಸ್ಟಿಕ್ ಮಳೆಮಾಪಕ ಒಂದು, ಮರ ಮತ್ತು ಮಾಡಿನಿಂದ ದೂರ ಬಯಲಲ್ಲಿ, ದಿನವೂ ಬೆಳಿಗ್ಗೆ 8.30ಕ್ಕೆ ಓದುವುದು. ಹವಾಮಾನ ಇಲಾಖೆಯ ದಿನದ ಲೆಕ್ಕವೂ ಅದೇ ಹೊತ್ತಿಗೆ, ಹಾಗಾಗಿ ಹೋಲಿಸಲು ಬರುತ್ತದೆ. ಶಾಲೆಗೆ ವಹಿಸಿದರೆ ರಜೆಯ ದಿನ ಯಾರು ಓದುತ್ತಾರೆಂದು ಮೊದಲೇ ಹೇಳಿ. ಕೆಂಪು ಎಚ್ಚರಿಕೆಯ ದಿನವೇ ಶಾಲೆಗೆ ರಜೆ.

ಅಂಕ

ಎಲ್ಲವನ್ನೂ ಒಂದೇ ವರ್ಷ ಸರಿ ಮಾಡಲಾಗದು. ಪ್ರತಿ ಜಾಗಕ್ಕೆ ಮೂರು ಪ್ರಶ್ನೆ, ಪ್ರತಿಯೊಂದಕ್ಕೆ 1ರಿಂದ 3 ಅಂಕ: ನೀರು ಅಥವಾ ಕಡಲು ಎಷ್ಟು ಸಲ ಬರುತ್ತದೆ, ಹೋದರೆ ಮರಳಿ ಮಾಡಲು ಆಗುತ್ತದೋ ಇಲ್ಲವೋ, ಈಗಿನ ಸ್ಥಿತಿ ಎಷ್ಟು ಕೆಟ್ಟಿದೆ. ಮೂರನ್ನೂ ಗುಣಿಸಿ. 27 ಬಂದರೆ ಈ ವರ್ಷವೇ, 8ರಿಂದ 18 ಆದರೆ ಮುಂದಿನ ವರ್ಷದೊಳಗೆ, 8ಕ್ಕಿಂತ ಕಡಿಮೆಯಾದರೆ ವರ್ಷದ ಗುಡಿಸು-ಒರೆಸು ಸಾಕು. ಉದಾಹರಣೆಗೆ, ತೋಡಿನ ಬದಿಯ ಭಂಡಾರದ ಮನೆ: ಎರಡು ವರ್ಷಕ್ಕೊಮ್ಮೆ ನೀರು (2), ಮರದ ಮೊಗ ಹೋದರೆ ಹೋಯಿತು (3), ಪಕ್ಕಾಸು (ಮಾಡು ಹೊರುವ ಇಳಿಜಾರು ಮರ) ಗೆದ್ದಲು ಹಿಡಿದಿದೆ (3), ಒಟ್ಟು 18. ಅದೇ ಊರಿನ ಸಿಮೆಂಟಿನ ಸಭಾಭವನ: ವರ್ಷವೂ ನೀರು (3), ಮತ್ತೆ ಕಟ್ಟಬಹುದು (1), ಸ್ಥಿತಿ ಪರವಾಗಿಲ್ಲ (1), ಒಟ್ಟು 3. ಅಂಕ ಹಾಕದೆ ಕೈ ಎತ್ತಿಸಿದ್ದರೆ ಹಣ ಸಭಾಭವನಕ್ಕೆ ಹೋಗುತ್ತಿತ್ತು.

ಮಾಡು

ಹಳೆಯ ಕಟ್ಟಡ ಸಾಯುವುದು ಮಾಡಿನಿಂದ, ಬುಡದಿಂದ. ನಡುವೆ ಇರುವ ಗೋಡೆಯಿಂದಲ್ಲ. ಮಧ್ಯಾಹ್ನ ಬಿಸಿಲಿರುವಾಗ ಒಳಗೆ ನಿಂತು ಮೇಲೆ ನೋಡಿ. ಬೆಳಕಿನ ಚುಕ್ಕಿ ಕಂಡಲ್ಲೆಲ್ಲ ಹಂಚು ಒಡೆದಿದೆ ಅಥವಾ ಸರಿದಿದೆ. ಸರಿದದ್ದಾದರೆ ಮಂಗನ ಕೆಲಸ, ಕೂರಿಸಿದರಾಯಿತು. ಒಡೆದದ್ದಾದರೆ ಹಂಚಿನ ಬೆನ್ನಿನಲ್ಲಿರುವ ಕಾರ್ಖಾನೆಯ ಅಚ್ಚು ಓದಿ. 1865ರಲ್ಲಿ ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ನೋಡಲು ಎಲ್ಲ ಒಂದೇ, ಆದರೆ ಬದಿಯ ಕಚ್ಚಿನ ಅಳತೆ ಬೇರೆ ಬೇರೆ. ಬೇರೆ ಅಚ್ಚಿನ ಹಂಚು ತುರುಕಿದರೆ ಒಂದಕ್ಕೊಂದು ಕಚ್ಚುವುದಿಲ್ಲ, ಗಾಳಿಮಳೆಗೆ ಸಂದಿನಲ್ಲಿ ನೀರು ಹಿಮ್ಮೆಟ್ಟಿ ಒಳಬರುತ್ತದೆ. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ಊರಲ್ಲಿ ಯಾರಾದರೂ ಹಳೆಯ ಮನೆ ಬಿಚ್ಚುವಾಗ ಅಚ್ಚು ನೋಡಿ ಕೊಂಡು, ನೂರಕ್ಕೆ ಐದರಂತೆ ಮೀಸಲು ಇಟ್ಟುಕೊಳ್ಳಿ. ಪಂಚಾಯತ್ ಗೋದಾಮಿನಲ್ಲಿ ಊರಿಗೆಲ್ಲ ಒಂದು ಹಂಚಿನ ಅಟ್ಟಿ ಇದ್ದರೆ ಇನ್ನೂ ಒಳ್ಳೆಯದು.

ರೀಪು (ಹಂಚು ಕೂರುವ ಪಟ್ಟಿ), ಪಕ್ಕಾಸು ಕೊಳೆಯುವುದು ಸಾಮಾನ್ಯವಾಗಿ ಗೋಡೆಯ ಮೇಲೆ ಕೂರುವ ತುದಿಯಲ್ಲಿ ಮತ್ತು ಎರಡು ಮಾಡು ಕೂಡುವ ಒಳಮೂಲೆಯಲ್ಲಿ. ತೆಳು ಸ್ಕ್ರೂಡ್ರೈವರನ್ನು ಕೈಬಲದಿಂದ ಒತ್ತಿ. ಒಂದು ಸೆಂಟಿಮೀಟರಿಗಿಂತ ಒಳಹೊಕ್ಕರೆ ಆ ತುದಿ ಹೋಗಿದೆ. ಇಡೀ ಪಕ್ಕಾಸು ಬದಲಿಸಬೇಕೆಂದಿಲ್ಲ. ಕೊಳೆತ ತುದಿ ಕೊಯ್ದು ಅದೇ ಜಾತಿಯ ಒಣಮರ ಜೋಡಿಸುವುದು ಬಡಗಿಗಳಿಗೆ ಗೊತ್ತಿರುವ ಕೆಲಸ. ಹಸಿಮರ ಹಾಕಿದರೆ ಎರಡು ಮಳೆಗಾಲದಲ್ಲಿ ತಿರುಚುತ್ತದೆ. ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದರೆ ಗೆದ್ದಲು ದೂರ. ಅದು ಮೈ ಸುಡುತ್ತದೆ, ಕೈಗವಸು ಹಾಕಿ. ಕೆತ್ತನೆಯ ಮರಕ್ಕೆ, ಬಣ್ಣದ ಮುಚ್ಚಿಗೆಗೆ (ಮರದ ಒಳಚಾವಣಿಗೆ) ಬಳಿಯಬೇಡಿ, ಕಪ್ಪಾಗುತ್ತದೆ.

ದಂಬೆಯ (ಸೂರಿನ ನೀರು ಹಿಡಿಯುವ ದೋಣಿಯ) ಲೆಕ್ಕ ಸುಲಭ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. 100 ಚದರ ಮೀಟರಿನ ಮಾಡಿಗೆ ಗಂಟೆಗೆ 100 ಮಿಲಿಮೀಟರ್ ವೇಗದಲ್ಲಿ ಹೊಡೆದರೆ ಗಂಟೆಗೆ 10,000 ಲೀಟರ್, ಸೆಕೆಂಡಿಗೆ ಮೂರು ಲೀಟರಿನ ಹತ್ತಿರ. ಮೂರಿಂಚಿನ ಒಂದು ಪೈಪು ಇದನ್ನು ತಡೆಯದು. ನಾಲ್ಕಿಂಚಿನ ಎರಡು, ಎರಡು ತುದಿಗೆ. ಒಂದರಲ್ಲಿ ಎಲೆ ಸಿಕ್ಕಿದರೂ ಇನ್ನೊಂದು ನಡೆಯುತ್ತದೆ. ದಂಬೆಗೆ ಹತ್ತಡಿಗೆ ಒಂದಿಂಚು ಇಳಿಜಾರು ಇರಲಿ. ಅಂಗಳಕ್ಕೆ ಕಾಯಂ ತಗಡಿನ ಚಪ್ಪರ ಹಾಕಿದ ದೇವಸ್ಥಾನಗಳಲ್ಲಿ ತಗಡಿನ ನೀರು ಎಲ್ಲಿ ಬೀಳುತ್ತದೆಂದು ನೋಡಿ. ಹೆಚ್ಚಿನ ಕಡೆ ಅದು ಸುತ್ತುಪೌಳಿಯ ಹಂಚಿನ ಮೇಲೋ ಗೋಡೆಯ ಮೇಲೋ ಬೀಳುತ್ತಿರುತ್ತದೆ. ಹಂಚಿನ ಮೇಲೆ ನೀಲಿ ಟಾರ್ಪಾಲು ಹೊದಿಸುವುದು ಒಂದು ಮಳೆಗಾಲದ ತುರ್ತಿಗೆ ಸರಿ. ವರ್ಷವಿಡೀ ಬಿಟ್ಟರೆ ಅಡಿಯಲ್ಲಿ ಬೆವರು ನಿಂತು ರೀಪು ಕೊಳೆಯುತ್ತದೆ.

ಗೋಡೆ ಮತ್ತು ಅಂಗಳ

ಮುರಕಲ್ಲು ನೀರು ಕುಡಿಯುವ ಕಲ್ಲು. ಕುಡಿದದ್ದನ್ನು ಬಿಸಿಲಿಗೆ ಹೊರಗೆ ಬಿಡುತ್ತದೆ. ಸುಣ್ಣದ ಗಾರೆ ಈ ಉಸಿರಾಟಕ್ಕೆ ಅಡ್ಡಿ ಮಾಡುವುದಿಲ್ಲ, ಸಿಮೆಂಟು ಮಾಡುತ್ತದೆ. ಸಿಮೆಂಟ್ ಸಾರಣೆ ಹಾಕಿದ ಗೋಡೆಯನ್ನು ಬೆರಳಗಂಟಿನಿಂದ ತಟ್ಟಿ. ಬುಡದಿಂದ ಎರಡು ಮೂರು ಅಡಿ ಎತ್ತರದಲ್ಲಿ ಡೊಳ್ಳು ಸದ್ದು ಬಂದರೆ ಸಾರಣೆ ಕಲ್ಲಿನಿಂದ ಬಿಟ್ಟಿದೆ. ಅಲ್ಲಿ ಒಂದು ತುಂಡು ಕಿತ್ತರೆ ಹಿಂದೆ ಬಿಳಿ ಹಿಟ್ಟಿನಂಥ ಉಪ್ಪು, ಅದರ ಹಿಂದೆ ಉಗುರಿಗೆ ಪುಡಿಯಾಗುವ ಕಲ್ಲು. ಹೊರಬರಲಾಗದ ನೀರು ಉಪ್ಪನ್ನು ಅಲ್ಲೇ ಬಿಟ್ಟುಹೋಗಿದೆ, ಉಪ್ಪಿನ ಹರಳು ಉಬ್ಬಿ ಕಲ್ಲನ್ನು ಒಡೆದಿದೆ. ಕಡಲಿಗೆ ಹತ್ತಿರವಾದಷ್ಟೂ ಇದು ಬೇಗ. ಇದಕ್ಕೆ ಮೇಲೊಂದು ವಾಟರ್‌ಪ್ರೂಫ್ ಪೈಂಟು ಬಳಿಯುವುದು ರೋಗಿಯ ಬಾಯಿಗೆ ಬಟ್ಟೆ ತುರುಕಿದ ಹಾಗೆ.

ಸಡಿಲವಾದ ಸಿಮೆಂಟನ್ನು ಮಾತ್ರ ತೆಗೆಯಿರಿ. ಗಟ್ಟಿಯಾಗಿ ಅಂಟಿದ್ದನ್ನು ಚಾಣದಿಂದ ಕಿತ್ತರೆ ಕಲ್ಲಿನ ಮೈಯೂ ಬರುತ್ತದೆ. ಉಪ್ಪನ್ನು ಒಣ ಬ್ರಶ್ಶಿನಿಂದ ಗುಡಿಸಿ ಹೊರಗೆ ಒಯ್ಯಿರಿ, ನೀರು ಹಾಕಿ ತೊಳೆದರೆ ಮತ್ತೆ ಒಳಗೇ ಹೋಗುತ್ತದೆ. ಒಂದು ತಿಂಗಳು ಗೋಡೆ ಒಣಗಲು ಬಿಡಿ. ಕಪ್ಪೆಚಿಪ್ಪಿನ ಸುಣ್ಣವಾದರೂ ಕಲ್ಲುಸುಣ್ಣವಾದರೂ ಕನಿಷ್ಠ ಹದಿನೈದು ದಿನ ನೀರಿನಡಿಯಲ್ಲಿ ಅರಳಿ ಬೆಣ್ಣೆಯಂತಾಗಿರಬೇಕು, ತಿಂಗಳುಗಟ್ಟಲೆ ಇಟ್ಟಷ್ಟೂ ಒಳ್ಳೆಯದು. ಸರಿಯಾಗಿ ಅರಳದ ಸುಣ್ಣದ ಕಾಳು ಗೋಡೆಯಲ್ಲಿ ಆಮೇಲೆ ಅರಳಿ ಗುಳ್ಳೆ ಏಳುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಕಡಲ ಮರಳು, ಅಳಿವೆಯ ಮರಳು ಬೇಡವೇ ಬೇಡ, ಉಪ್ಪನ್ನು ನೀವೇ ತಂದು ಹಚ್ಚಿದಂತೆ. ಅಳಲೆಕಾಯಿ ಮತ್ತು ಬೆಲ್ಲದ ನೀರು ಸೇರಿಸುವ ಕ್ರಮ ಗೊತ್ತಿರುವ ಗಾರೆಯವರಿದ್ದರೆ ಅವರ ಅಳತೆಗೇ ಬಿಡಿ. ಒಂದು ಪದರಕ್ಕೆ 10ರಿಂದ 12 ಮಿಲಿಮೀಟರ್ ದಪ್ಪ ಮೀರದಿರಲಿ, ಒಂದು ವಾರ ಹತ್ತು ದಿನ ಒದ್ದೆ ಗೋಣಿ ಹಾಕಿ ನೆರಳಲ್ಲಿ ಒಣಗಿಸಿ. ಬೇಗ ಗಟ್ಟಿಯಾಗಲಿ ಎಂದು ಮೇಸ್ತ್ರಿ ಅರ್ಧ ಚಟ್ಟಿ ಸಿಮೆಂಟು ಬೆರೆಸುತ್ತಾರೆ. ಆ ಹೊತ್ತಿಗೆ ಸ್ಥಳದಲ್ಲಿ ಸಮಿತಿಯವರೊಬ್ಬರು ಇರಬೇಕು. ಗಾರೆ ಗಾಳಿ ಕುಡಿದು ಗಟ್ಟಿಯಾಗಲು ತಿಂಗಳುಗಳು ಬೇಕು, ಅದಕ್ಕೇ ಫೆಬ್ರವರಿಯ ಗಡುವು.

ಇಷ್ಟೆಲ್ಲ ಮಾಡಿಯೂ ಅಂಗಳಕ್ಕೆ ಇಂಟರ್‌ಲಾಕ್ ಹಾಕಿದರೆ ಗೋಡೆ ಉಳಿಯುವುದಿಲ್ಲ. ಇಂಟರ್‌ಲಾಕ್ ಅಂಗಳವನ್ನು ನಾಲ್ಕಾರು ಇಂಚು ಎತ್ತರಿಸುತ್ತದೆ, ಜಗಲಿ ಅಷ್ಟು ತಗ್ಗುತ್ತದೆ. ನೆಲಕ್ಕೆ ಇಂಗುತ್ತಿದ್ದ ನೀರು ಗೋಡೆಯ ಬುಡಕ್ಕೆ ಓಡುತ್ತದೆ. ಸೂರಿನ ಹನಿ ಗಟ್ಟಿ ನೆಲಕ್ಕೆ ಬಡಿದು ಒಂದೂವರೆ ಅಡಿ ಎತ್ತರದವರೆಗೆ ಗೋಡೆಗೆ ಎರಚುತ್ತದೆ. ಭಕ್ತರ ಕಾಲಿಗೆ ಕೆಸರಾಗುತ್ತದೆ ಎಂಬ ದೂರು ನ್ಯಾಯವೇ. ನಡೆಯುವ ದಾರಿಗೆ ಮಾತ್ರ ಚಪ್ಪಡಿ ಹಾಸಿ. ಸೂರಿನ ಹನಿ ಬೀಳುವ ಸಾಲಿನಲ್ಲಿ ಎರಡಡಿ ಅಗಲಕ್ಕೆ ಜಲ್ಲಿ ತುಂಬಿ. ಗೋಡೆಯಿಂದ ಹೊರಕ್ಕೆ ಮೂರಡಿಗೆ ಒಂದಿಂಚು ಇಳಿಜಾರು, ಅದರಾಚೆ ತೆರೆದ ಕಣಿ. ಕಣಿಗೆ ಚಪ್ಪಡಿ ಮುಚ್ಚಿದರೆ ಒಳಗೆ ಏನಿದೆಯೆಂದು ಯಾರೂ ನೋಡುವುದಿಲ್ಲ.

ಕೆರೆ, ಬನ

ಹಳೆಯ ದೇವರ ಕೆರೆಯ ಹೂಳು ತೆಗೆಯುವಾಗ ಪಂಪು ಹಚ್ಚಿ ಒಂದೇ ರಾತ್ರಿ ಖಾಲಿ ಮಾಡಬೇಡಿ. ದಂಡೆಯ ಮಣ್ಣಿನೊಳಗೆ ನೀರು ತುಂಬಿರುವಾಗ ಎದುರಿನ ನೀರಿನ ಒತ್ತಡ ತಟ್ಟನೆ ಹೋದರೆ ಮುರಕಲ್ಲಿನ ಮೆಟ್ಟಿಲು ಒಳಕ್ಕೆ ಕುಸಿಯುತ್ತದೆ. ದಿನಕ್ಕೆ ಒಂದಡಿ ಇಳಿಸಿ, ಮೆಟ್ಟಿಲಲ್ಲಿ ಹೊಸ ಬಿರುಕು ಕಂಡರೆ ಎರಡು ದಿನ ನಿಲ್ಲಿಸಿ. ಜೇಸಿಬಿ ತಳದ ಜೇಡಿಯನ್ನು ದಾಟಿ ಅಗೆದರೆ ಆಮೇಲೆ ಕೆರೆ ನೀರು ಹಿಡಿಯುವುದಿಲ್ಲ. ಕಪ್ಪು ಕೆಸರು ಮುಗಿದು ಅಂಟುಮಣ್ಣು ಬಂದ ಕೂಡಲೇ ಸಾಕು. ಕಾಂಕ್ರೀಟ್ ತಡೆಗೋಡೆ ಕಟ್ಟಿದ ಕೆರೆಗೆ ಒರತೆ ಬರುವುದು ನಿಲ್ಲುತ್ತದೆ, ಸುತ್ತಲಿನ ಬಾವಿಗಳು ಏಪ್ರಿಲ್‌ನಲ್ಲೇ ಒಣಗುತ್ತವೆ. ಕಂಬಳದ ಗದ್ದೆ ನಂಬಿಕೊಂಡಿರುವುದೂ ಇದೇ ನೀರನ್ನು.

ನಾಗಬನದ ವಿಷಯದಲ್ಲಿ ಮಾಡಬೇಕಾದ್ದಕ್ಕಿಂತ ಬಿಡಬೇಕಾದ್ದೇ ಹೆಚ್ಚು. ತರಗೆಲೆ ಗುಡಿಸಬೇಡಿ, ಬಳ್ಳಿ ಕಡಿಯಬೇಡಿ, ಕಟ್ಟೆಗೆ ಟೈಲ್ಸ್ ಬೇಡ. ಗಾಳಿಗೆ ಮರ ಬಿದ್ದು ಬಿಟ್ಟ ಜಾಗದಲ್ಲಿ ರೆಂಜೆ, ಸುರಹೊನ್ನೆ, ಹೆಬ್ಬಲಸು, ಹಾಲೆ ಮರದಂಥ ಅಲ್ಲಿನದೇ ಗಿಡ ನೆಡಿ. ಅಂಚಿನ ಮರಗಳೇ ಗಾಳಿ ತಡೆಯುವುದು. ಅಂಚು ಕಡಿದರೆ ಮುಂದಿನ ವರ್ಷ ನಡುವಿನ ಮರ ಬೀಳುತ್ತದೆ. ಪಂಚಾಯತಿನಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರುತ್ತದೆ, 2002ರ ಕಾಯ್ದೆಯಂತೆ. ಬನಗಳನ್ನು ಅದರ ದಾಖಲಾತಿಗೆ ಸೇರಿಸಿ.

ಕಡಲ ಬದಿ

ಉಳ್ಳಾಲ, ಸೋಮೇಶ್ವರ, ಕಾಪು, ಮರವಂತೆ ಸಾಲಿನಲ್ಲಿ ಮೊದಲು ಬೇಕಾದದ್ದು ಅಳತೆ. ಕಟ್ಟಡದ ಗೋಡೆಯಲ್ಲಿ ಒಂದು ಗುರುತು ಮಾಡಿ, ಅಲ್ಲಿಂದ ಮರಳಿನ ಮೇಲೆ ಹಬ್ಬುವ ಅಡುಂಬು ಬಳ್ಳಿಯ ಅಂಚಿನವರೆಗೂ, ಉಬ್ಬರದ ಕಸದ ಗೆರೆಯವರೆಗೂ ಟೇಪು ಹಿಡಿಯಿರಿ. ವರ್ಷಕ್ಕೆ ನಾಲ್ಕು ಸಲ, ಪ್ರತಿ ಸಲವೂ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಮರುದಿನ. ಬೇರೆ ಬೇರೆ ತಿಥಿಯಲ್ಲಿ ಅಳೆದರೆ ಉಬ್ಬರದ ವ್ಯತ್ಯಾಸವನ್ನೇ ಕೊರೆತ ಎಂದುಕೊಳ್ಳುತ್ತೀರಿ. ಮಳೆಗಾಲದಲ್ಲಿ ಹೋದ ಮರಳು ಜನವರಿಯೊಳಗೆ ಮರಳಿ ಬಂದರೆ ಅದು ಕಡಲಿನ ವಾಡಿಕೆ. ಮೂರು ವರ್ಷ ಪೂರ್ತಿ ಮರಳದಿದ್ದರೆ ಅದು ಕೊರೆತ. ಬಂಡೆ ಸುರಿದ ತಡೆಗೋಡೆ ತನ್ನ ಹಿಂದಿನದನ್ನು ಕೆಲವು ವರ್ಷ ಕಾಯುತ್ತದೆ, ಅದರ ತುದಿಯಲ್ಲಿ ಅಲೆ ತಿರುಗಿ ಪಕ್ಕದ ಊರನ್ನು ಕೊರೆಯುತ್ತದೆ. ಆದ್ದರಿಂದ ಕಡಲ ಬದಿಯ ಯೋಜನೆ ಒಂದು ಊರಿನದ್ದಾಗಲು ಸಾಧ್ಯವಿಲ್ಲ. ಎರಡೂ ಬದಿಯ ಗ್ರಾಮಗಳ ಸಹಿ ಬೇಕು. ಕರಾವಳಿ ನಿಯಂತ್ರಣ ವಲಯದ ಅನುಮತಿಯಿಲ್ಲದೆ ಕಲ್ಲು ಹಾಕುವಂತೆಯೂ ಇಲ್ಲ. ಉಳಿಸಲಾಗದ ಜಾಗವಿದ್ದರೆ, ಮೂರ್ತಿಯೋ ಶಿಲುಬೆಯೋ ಎಲ್ಲಿಗೆ ಸ್ಥಳಾಂತರ ಎಂಬ ಮಾತನ್ನು ತಣ್ಣನೆಯ ಹೊತ್ತಿನಲ್ಲೇ ಆಡಿ ಮುಗಿಸಿ.

ಅನುಮತಿ, ಹಣ

ಮಂಗಳೂರಿನ ಸುಲ್ತಾನ್ ಬತ್ತೇರಿಯಂಥ ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಅಲ್ಲಿ ಊರಿನವರು ಕಟ್ಟಡದ ರಿಪೇರಿಯನ್ನೂ ಅನುಮತಿ ಕೇಳಿಯೇ ಮಾಡಬೇಕು. ಮುಜರಾಯಿ ದೇವಸ್ಥಾನವಾದರೆ ಕಾಮಗಾರಿಗೆ ಧಾರ್ಮಿಕ ದತ್ತಿ ಇಲಾಖೆಯ ಒಪ್ಪಿಗೆ. ಖಾಸಗಿ ಗುತ್ತಿನ ಮನೆಗೆ ಯಾರ ಅನುಮತಿಯೂ ಬೇಡ, ಅದೇ ಅದರ ಅಪಾಯ: ಪಾಲು ಪಂಚಾಯ್ತಿಕೆಯಾದ ಮರುವರ್ಷ ಕಂಬ, ಬಾಗಿಲು ಲಾರಿ ಹತ್ತುತ್ತವೆ.

ತೋಡು, ಕಣಿ, ಸಾರ್ವಜನಿಕ ಕೆರೆಯ ಕೆಲಸ ಪಂಚಾಯತ್ ಯೋಜನೆಯಲ್ಲಿ ಬರುತ್ತದೆ. ಅರ್ಜಿಯಲ್ಲಿ ‘ಪರಂಪರೆ’ ಎಂದು ಬರೆಯುವ ಬದಲು ‘ನೆರೆ ನೀರು ಹರಿಯುವ ತೋಡಿನ ಹೂಳು, 240 ಮೀಟರ್’ ಎಂದು ಬರೆಯಿರಿ. ಕಟ್ಟಡದೊಳಗಿನ ಖರ್ಚು ಊರಿನದ್ದೇ. ಹನ್ನೆರಡು ವರ್ಷಕ್ಕೊಮ್ಮೆ ಬ್ರಹ್ಮಕಲಶಕ್ಕೆ ಹಣ ಕೂಡುತ್ತದಲ್ಲ, ಅದರಲ್ಲಿ ನೂರಕ್ಕೆ ಐದು ಠೇವಣಿ ಇಟ್ಟು ಬಡ್ಡಿಯಿಂದ ವರ್ಷವೂ ಹಂಚು ಕೂರಿಸುವ ಮಜೂರಿ ಕೊಡಿ. ದಾನಿಗಳ ಹೆಸರಿನ ಫಲಕ ಬೇಕೆಂದರೆ ಗೋಡೆ ಕೊರೆಯದೆ ಬೇರೆ ಕಡೆ ನಿಲ್ಲಿಸಿ.

ಎಚ್ಚರಿಕೆ ಬಂದ ದಿನ

ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6 ದಾಟಿದರೆ ಅತಿ ಭಾರೀ, 204.4 ಮೀರಿದರೆ ವಿಪರೀತ. ಹಳದಿ ಎಚ್ಚರಿಕೆಗೆ ದಂಬೆ, ಕಣಿ ಒಮ್ಮೆ ನೋಡಿ. ಕಿತ್ತಳೆ ಬಂದರೆ ನೆಲದ ಮೇಲಿನದೆಲ್ಲ ಹಾಳೆಯಲ್ಲಿ ಬರೆದ ನೆರೆ ಮಟ್ಟಕ್ಕಿಂತ ಎರಡಡಿ ಮೇಲೆ ಹೋಗಲಿ, ಕೀಲಿಕೈಯವರಿಬ್ಬರೂ ಊರಲ್ಲಿದ್ದಾರೋ ಫೋನು ಮಾಡಿ. ಕೆಂಪು ಬಂದ ಮೇಲೆ ಯಾರೂ ಮಾಡಿಗೆ ಹತ್ತಬಾರದು, ಮುಖ್ಯ ಸ್ವಿಚ್ಚು ಆರಿಸಿ, ಜಿಲ್ಲಾ ನಿಯಂತ್ರಣ ಕೊಠಡಿಯ 1077 ಕೈಯಲ್ಲಿರಲಿ. ತೋಡಿನ ಸಂಕದ ಕಂಬಕ್ಕೆ ಕೆಂಪು ಗೆರೆ ಎಳೆದಿಡಿ. ಫೋನಿಗೆ ಸಂದೇಶ ಬರಲಿ ಬಾರದಿರಲಿ, ನೀರು ಗೆರೆ ಮುಟ್ಟಿದರೆ ಭಂಡಾರ ಹೊರಡಬೇಕು. ಜನ, ದನ ಮೊದಲು ಎಂಬುದನ್ನು ಹಾಳೆಯ ತಲೆಯಲ್ಲೇ ಬರೆಯಿರಿ, ಇಲ್ಲದಿದ್ದರೆ ಯಾರಾದರೊಬ್ಬ ಹುಡುಗ ಭಕ್ತಿಯಿಂದ ನೀರಿಗೆ ಇಳಿಯುತ್ತಾನೆ.

ನೀರು ಇಳಿದ ಮೇಲೆ

ಕೆಸರು ಹಸಿಯಿರುವಾಗಲೇ ಮರದ ಸಲಿಕೆಯಿಂದ ತೆಗೆಯಿರಿ, ಒಣಗಿದರೆ ಕೆತ್ತನೆಯ ಸಂದಿನಲ್ಲಿ ಕಲ್ಲಾಗುತ್ತದೆ. ಕಿಟಕಿ ಬಾಗಿಲು ತೆರೆದು ಫ್ಯಾನು ಹಾಕಿ. ಬೆಂಕಿ ಹಾಕಿ, ಹೀಟರ್ ಹಚ್ಚಿ ಒಣಗಿಸಿದರೆ ಮರ ಸೀಳುತ್ತದೆ. ಪಂಚಲೋಹವನ್ನು ಸಿಹಿನೀರಲ್ಲಿ ತೊಳೆದು ಹತ್ತಿಬಟ್ಟೆಯಲ್ಲಿ ಒರೆಸಿ. ಹುಣಸೆಹುಳಿಯಿಂದ ಉಜ್ಜಿದರೆ ಹೊಳೆಯುತ್ತದೆ, ಆದರೆ ಅಕ್ಷರವೂ ಕಣ್ಣುರೆಪ್ಪೆಯೂ ಸವೆಯುತ್ತವೆ.

ಒದ್ದೆಯಾದ ಕಾಗದಕ್ಕೆ ಎರಡು ದಿನದೊಳಗೆ ಬೂಸ್ಟು ಹಿಡಿಯುತ್ತದೆ. ಒಣಗಿಸಲು ಅಷ್ಟು ಜನರಿಲ್ಲದಿದ್ದರೆ ಪುಸ್ತಕ, ರಿಜಿಸ್ಟರುಗಳನ್ನು ಹಾಳೆ ಬಿಡಿಸದೆ ಹಾಗೆಯೇ ಪ್ಲಾಸ್ಟಿಕ್ ಚೀಲದಲ್ಲಿ ಒಂದೊಂದಾಗಿ ಹಾಕಿ ಫ್ರೀಜರಿನಲ್ಲಿಡಿ. ಹೆಪ್ಪುಗಟ್ಟಿದ ಕಾಗದ ಕೆಡುವುದಿಲ್ಲ, ತಿಂಗಳ ನಂತರವೂ ಒಂದೊಂದೇ ತೆಗೆದು ತಜ್ಞರ ಕೈಗೆ ಕೊಡಬಹುದು. ಮಲ್ಪೆ, ಮಂಗಳೂರಿನ ಕಡೆ ಮೀನಿನ ಶೀತಲೀಕರಣ ಘಟಕಗಳಿಗೆ ಕೊರತೆಯಿಲ್ಲ. ಮಳೆಗಾಲಕ್ಕೆ ಮೊದಲೇ ಒಬ್ಬ ಮಾಲೀಕರ ಜತೆ ಮಾತಾಡಿ ಒಂದು ಮೂಲೆ ಗೊತ್ತು ಮಾಡಿಕೊಳ್ಳಿ. ಓಲೆಗರಿಯನ್ನು ಮಾತ್ರ ಫ್ರೀಜರಿಗೆ ಹಾಕಬೇಡಿ. ದಾರ ಬಿಚ್ಚುವ ಮೊದಲು ಗರಿಗಳ ಕ್ರಮಕ್ಕೆ ಫೋಟೋ ತೆಗೆದು, ಕೆಸರನ್ನು ಸಿಹಿನೀರಿನ ಒದ್ದೆ ಹತ್ತಿಯಿಂದ ಎತ್ತಿ, ನೆರಳಲ್ಲಿ ಬಿಳಿ ಬಟ್ಟೆಯ ಮೇಲೆ ಹರಡಿ. ಬಿಸಿಲಿಗಿಟ್ಟರೆ ಸುರುಳಿಯಾಗಿ ಒಡೆಯುತ್ತವೆ. ಪೂರ್ತಿ ಒಣಗಿದ ಮೇಲೆ ಮಜ್ಜಿಗೆಹುಲ್ಲಿನ ಎಣ್ಣೆ ತೆಳುವಾಗಿ ಸವರಿ, ಕ್ರಮದಂತೆ ಜೋಡಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿಡಿ.

ನೆರೆ ನೀರು ನಿಂತ ಮುರಕಲ್ಲಿನ ಗೋಡೆಗೆ ಆ ವರ್ಷ ಸುಣ್ಣ ಬಳಿಯುವುದು ಬೇಡ. ದೀಪಾವಳಿಗೆ ಹೊರಮೈ ಒಣಗಿದಂತೆ ಕಾಣುತ್ತದೆ, ಒಳಗೆ ತೇವ ಇನ್ನೂ ಇರುತ್ತದೆ. ಒಂದು ಚದರ ಅಡಿಯ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪಿನಿಂದ ಅಂಟಿಸಿ ಎರಡು ದಿನ ಬಿಡಿ. ಒಳಬದಿಯಲ್ಲಿ ಹನಿ ಕಂಡರೆ ಇನ್ನೂ ಒಂದು ತಿಂಗಳು ಕಾದು ಮತ್ತೆ ಅಂಟಿಸಿ ನೋಡಿ.